ಆಶ್ರಯವಿತ್ತ ಊರಿನ ಸೌದೆ

೨೦೧೭ನೆಯ ಆಗಸ್ಟ್ ತಿಂಗಳ ತರುವಾಯ ಹಿಂಸೆಗೆ ಬೆದರಿ ಸುಮಾರು ಏಳು ಲಕ್ಷ ರೋಹಿಂಗ್ಯಾ ಜನರು ಮ್ಯಾನ್ಮಾರ್ ದೇಶದಿಂದ ಬಾಂಗ್ಲಾದೇಶದ ಕಾಕ್ಸ್ ಬಜಾರ್ ಜಿಲ್ಲೆಗೆ ಬಂದರು. ಬಿಡಾರಗಳಿಗಾಗಿ ಗುಡ್ಡದ ಅಡವಿ ಬಯಲಾಯಿತು. ಬಿಡಾರವನ್ನು ಒಮ್ಮೆ ಕಟ್ಟಿದರೆ ಸಾಕು. ಅನ್ನವನ್ನಾದರೋ ದಿನವೂ ಬೇಯಿಸಬೇಕಷ್ಟೆ! ಮರ ಮುಗಿದಲ್ಲಿ ಬೇರನ್ನೂ ಅಗೆದರು. ಬೇರಿನ ಹಿಡಿತ ತಪ್ಪಿದ ಮಣ್ಣು ಮಳೆಗೆ ಜರಿದು ಕೆಳಗಿನ ಗದ್ದೆ, ತೊರೆಗಳನ್ನು ಸೇರಿತು.

೨೦೧೮ರಿಂದ ಶಿಬಿರಗಳಲ್ಲಿ ಅಡುಗೆ ಅನಿಲವನ್ನೂ ಒಲೆಗಳನ್ನೂ ಹಂಚಲಾಯಿತು. ನೆರೆಹಳ್ಳಿಗಳ ಬಡ ಕುಟುಂಬಗಳಿಗೂ ಕೊಟ್ಟುದು ವಿವೇಕದ ಕಾರ್ಯವೆಂದೇ ನನ್ನ ಮತ. ಅವರೂ ಅದೇ ಅಡವಿಯ ಸೌದೆಯನ್ನು ನಂಬಿದ್ದವರು. ಸೌದೆಯ ಬಳಕೆ ಬಹಳವಾಗಿ ಇಳಿಯಿತು. ಬೋಳುಗುಡ್ಡಗಳಲ್ಲಿ ನೆಟ್ಟ ಹುಲ್ಲಿಗೂ ಸಸಿಗಳಿಗೂ ಉಳಿಯುವ ಅವಕಾಶ ದೊರೆಯಿತು. ಆದರೆ ಶಿಬಿರದ ಅನಿಲದ ವೆಚ್ಚ ನಡೆಯುವುದು ಪರದೇಶಗಳ ನೆರವಿನಿಂದ. ಅದು ನಿಂತರೆ ಮಕ್ಕಳು ಪುಸ್ತಕವನ್ನಿಟ್ಟು ಪುನಃ ಸೌದೆಗಾಗಿ ಗುಡ್ಡವೇರಬೇಕಾದೀತು.