ಎಂಜಿನ್ ನಡುಕಕ್ಕೆ ರಬ್ಬರಿನ ಮದ್ದು

ಹೊಸಪೇಟೆ: ಹಂಪಿಯ ವಿಜಯ ವಿಠ್ಠಲ ದೇವಾಲಯಕ್ಕೆ ಹೋಗುವವರು ಗೆಜ್ಜಲ ಮಂಟಪದ ಬಳಿ ಕಾರಿನಿಂದ ಇಳಿದು ಬ್ಯಾಟರಿ ಚಾಲಿತ ವಾಹನ ಏರುತ್ತಾರೆ. ಅವರು ಹಿಂದಿರುಗುವವರೆಗೆ ಬಿಸಿಲಿನಲ್ಲಿ ಕಾಯುವ ಬಾಡಿಗೆ ಕಾರುಗಳ ಪೈಕಿ ಕೆಲವು ಎ.ಸಿ. ಚಾಲೂ ಇಟ್ಟುಕೊಂಡೇ ನಿಂತಿರುತ್ತವೆ. ಹೀಗೆ ನಿಂತ ಕಾರಿನಲ್ಲಿ ಸ್ಟೇರಿಂಗ್ ಕೈಗೆ ಜುಮುಗುಡುತ್ತಿದ್ದರೆ, ಕನ್ನಡಿಯೊಳಗಿನ ಬಿಂಬ ಅದುರುತ್ತಿದ್ದರೆ, ಡ್ಯಾಶ್‌ಬೋರ್ಡ್ ಗಡಗಡ ಸದ್ದು ಮಾಡುತ್ತಿದ್ದರೆ ಮಾಲೀಕನ ಎದೆಯೂ ನಡುಗುವುದು ಸಹಜ. ಎಂಜಿನ್ ಕೆಲಸ ಬಂತು, ಸಾವಿರಾರು ರೂಪಾಯಿ ಖರ್ಚಾಯಿತು ಎಂಬುದೇ ಆತನಿಗೆ ಮೊದಲು ಹೊಳೆಯುವ ಆಲೋಚನೆ.

ಆದರೆ ನಡುಗುವ ಎಂಜಿನ್‌ಗಳೆಲ್ಲ ಕೆಟ್ಟ ಎಂಜಿನ್‌ಗಳಲ್ಲ. ಎಂಜಿನ್ ಆರೋಗ್ಯವಾಗಿದ್ದು, ಅದನ್ನು ಹೊತ್ತು ನಿಂತ ರಬ್ಬರ್ ಮಾತ್ರ ಸವೆದಿರುವ ಸಂದರ್ಭಗಳು ಅನೇಕ. ಎಂಜಿನ್ನನ್ನು ಕಾರಿನ ಒಡಲಿಗೆ ಬಂಧಿಸುವ ಈ ಬಿಡಿಭಾಗಕ್ಕೆ ಗ್ಯಾರೇಜುಗಳಲ್ಲಿ ‘ಎಂಜಿನ್ ಮೌಂಟಿಂಗ್’ ಎಂದು ಹೆಸರು. ‘ಫೌಂಡೇಶನ್’ ಎನ್ನುವವರೂ ಇದ್ದಾರೆ. ರೋಗವನ್ನು ಸರಿಯಾಗಿ ಗುರುತಿಸಿದರೆ ಮನೆಯ ಅಂಗಳದಲ್ಲಿಯೇ ಇದನ್ನು ಬದಲಿಸಲು ಸಾಧ್ಯ. ಆದರೆ ಗುರುತಿಸುವ ಮುನ್ನವೇ ಬಿಚ್ಚಲು ಹೊರಟರೆ ಹಣ ವ್ಯರ್ಥ. ಜಾಕ್ ಹಾಕುವಲ್ಲಿ ಅಸಡ್ಡೆ ತೋರಿದರೆ ಜೀವಕ್ಕೇ ಅಪಾಯ.

ಹಳೆಯ ಸಮಸ್ಯೆ, ಸರಳ ಉಪಾಯ

ಎಂಜಿನ್ನಿನೊಳಗೆ ಇಂಧನ ಉರಿಯುವುದು ನಿರಂತರವಾಗಿ ಅಲ್ಲ, ಬಿಡಿಬಿಡಿಯಾಗಿ. ಪ್ರತಿ ಸಿಲಿಂಡರ್ ಉರಿದಾಗಲೂ ಎಂಜಿನ್‌ಗೆ ಒಂದು ತಳ್ಳು ಬೀಳುತ್ತದೆ. ನಾಲ್ಕು ಸಿಲಿಂಡರ್‌ನ ಎಂಜಿನ್ ನಿಂತಲ್ಲಿಯೇ ನಿಮಿಷಕ್ಕೆ 800 ಸುತ್ತು ತಿರುಗುವಾಗ ಇಂಥ ತಳ್ಳುಗಳ ಸಂಖ್ಯೆ ನಿಮಿಷಕ್ಕೆ 1,600, ಅಂದರೆ ಸೆಕೆಂಡಿಗೆ ಸುಮಾರು 27. ಮೂರು ಸಿಲಿಂಡರ್‌ನ ಎಂಜಿನ್‌ನಲ್ಲಿ ಅದೇ ವೇಗಕ್ಕೆ ಸೆಕೆಂಡಿಗೆ 20 ಮಾತ್ರ. ತಳ್ಳುಗಳು ವಿರಳವಾದಷ್ಟೂ ಅವುಗಳ ನಡುವಿನ ಅಂತರ ದೇಹಕ್ಕೆ ಹೆಚ್ಚು ಗೊತ್ತಾಗುತ್ತದೆ. 1983ರಲ್ಲಿ ರಸ್ತೆಗಿಳಿದ ಮಾರುತಿ 800 ಮೊದಲ್ಗೊಂಡು ಇಂದಿನ ಅನೇಕ ಸಣ್ಣ ಕಾರುಗಳವರೆಗೆ ಮೂರು ಸಿಲಿಂಡರ್‌ನ ಎಂಜಿನ್ನೇ ಇರುವುದರಿಂದ ನಮ್ಮಲ್ಲಿ ಈ ದೂರು ಸಾಮಾನ್ಯವಾಗಿದೆ.

ಎಂಜಿನ್ನನ್ನು ಕಬ್ಬಿಣದಿಂದ ಕಬ್ಬಿಣಕ್ಕೆ ನೇರವಾಗಿ ಬಿಗಿದರೆ ಪ್ರತಿಯೊಂದು ತಳ್ಳೂ ಆಸನದವರೆಗೆ ತಲುಪುತ್ತದೆ. ಮೋಟಾರು ವಾಹನಗಳ ಆರಂಭದ ದಿನಗಳಲ್ಲಿ ಇದು ದೊಡ್ಡ ತಲೆನೋವಾಗಿತ್ತು. ಅಮೆರಿಕದ ಕ್ರೈಸ್ಲರ್ ಕಂಪನಿ 1931ರ ಪ್ಲಿಮತ್ ಕಾರಿನಲ್ಲಿ ಎಂಜಿನ್ನನ್ನು ರಬ್ಬರಿನ ಮೇಲೆ ತೂಗಿಬಿಟ್ಟಂತೆ ಕೂರಿಸಿ, ಆ ವ್ಯವಸ್ಥೆಗೆ ‘ಫ್ಲೋಟಿಂಗ್ ಪವರ್’ ಎಂದು ಹೆಸರಿಟ್ಟಿತು. ಇಂದಿನ ಕಾರುಗಳಲ್ಲಿಯೂ ತತ್ವ ಅದೇ. ಎರಡು ಲೋಹದ ತುಂಡುಗಳ ನಡುವೆ ರಬ್ಬರ್ ಅಂಟಿರುತ್ತದೆ. ಕೆಲವು ಕಾರುಗಳಲ್ಲಿ ರಬ್ಬರಿನೊಳಗೆ ದ್ರವವನ್ನೂ ತುಂಬಿರುತ್ತಾರೆ.

ಅಡ್ಡವಾಗಿ ಕೂರಿಸಿದ ಎಂಜಿನ್ ಇರುವ ಸಾಮಾನ್ಯ ಕಾರುಗಳಲ್ಲಿ ಇಂಥ ಮೌಂಟಿಂಗ್‌ಗಳು ಮೂರೋ ನಾಲ್ಕೋ ಇರುತ್ತವೆ. ಎಂಜಿನ್ ಬದಿಯಲ್ಲಿ ಒಂದು ಮತ್ತು ಗೇರ್ ಬಾಕ್ಸ್ ಬದಿಯಲ್ಲಿ ಒಂದು ಭಾರ ಹೊರುತ್ತವೆ. ಕೆಳಗಿರುವ ಮತ್ತೊಂದು, ಎಂಜಿನ್ ಹಿಂದೆ ಮುಂದೆ ಹೊರಳದಂತೆ ತಡೆಯುತ್ತದೆ. ಒಂದು ಹರಿದರೆ ಅದರ ಪಾಲಿನ ಹೊರೆ ಉಳಿದವುಗಳ ಮೇಲೆ ಬೀಳುತ್ತದೆ. ಅವೂ ಬೇಗ ಸೋಲುತ್ತವೆ.

ಬಿಸಿಲು, ಎಣ್ಣೆ ಮತ್ತು ರಸ್ತೆ

ರಬ್ಬರಿನ ಮುಖ್ಯ ಶತ್ರುಗಳು ಮೂರು: ಶಾಖ, ಎಣ್ಣೆ ಹಾಗೂ ಹೊಡೆತ. ವಿಜಯನಗರ ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿ ಮೂರಕ್ಕೂ ಕೊರತೆಯಿಲ್ಲ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುವ ಈ ಸೀಮೆಯಲ್ಲಿ, ನಿಂತ ಕಾರಿನ ಬಾನೆಟ್ ಒಳಗಿನ ಬಿಸಿ ಅದಕ್ಕಿಂತ ಬಹಳ ಹೆಚ್ಚು. ಬಿಸಿಯಲ್ಲಿ ಬೆಂದ ರಬ್ಬರ್ ವರ್ಷಗಳು ಕಳೆದಂತೆ ಗಡುಸಾಗಿ ಬಿರುಕು ಬಿಡುತ್ತದೆ. ಟ್ಯಾಪೆಟ್ ಕವರಿನಿಂದ ಒಸರುವ ಎಣ್ಣೆ ಅದರ ಮೇಲೆ ಬಿದ್ದರೆ ಉಬ್ಬಿ ಮೆತ್ತಗಾಗುತ್ತದೆ.

ಮೂರನೆಯದು ರಸ್ತೆ. ಕಬ್ಬಿಣದ ಅದಿರಿನ ಲಾರಿಗಳು ಸಂಡೂರು ಮತ್ತು ಹೊಸಪೇಟೆಯ ರಸ್ತೆಗಳನ್ನು ಯಾವ ಗತಿಗೆ ತಂದಿದ್ದವು ಎಂಬುದು ಈ ಭಾಗದ ಜನರಿಗೆ ಮರೆಯುವ ವಿಷಯವಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ನೀಡಿತು. 2013ರ ಏಪ್ರಿಲ್‌ನಲ್ಲಿ ಷರತ್ತುಗಳೊಂದಿಗೆ ಪುನರಾರಂಭಕ್ಕೆ ಅವಕಾಶ ಕೊಟ್ಟಿತು. ಅದಿರು ಇರುವವರೆಗೆ ಭಾರಿ ವಾಹನಗಳೂ ಇರುತ್ತವೆ, ಅವುಗಳ ಚಕ್ರದಡಿ ರಸ್ತೆಯೂ ನಲುಗುತ್ತದೆ. ಇತ್ತ ಕಂಪ್ಲಿಯ ಕಡೆಗೆ ಹೊರಟರೆ ನೀರಾವರಿ ಗದ್ದೆಗಳ ನಡುವಿನ ಹಾದಿಯಲ್ಲಿ ಟ್ರ್ಯಾಕ್ಟರುಗಳ ಸಂಚಾರ, ಊರು ಬಂದಲ್ಲೆಲ್ಲ ರಸ್ತೆ ಉಬ್ಬು. ಗುಂಡಿಗೆ ಇಳಿದಾಗ, ಉಬ್ಬು ಹಾರಿದಾಗ ನೂರು ಕಿಲೋಗೂ ಮಿಗಿಲಾದ ಎಂಜಿನ್ನಿನ ಭಾರ ಜಗ್ಗುವುದು ಅಂಗೈ ಅಗಲದ ರಬ್ಬರನ್ನೇ.

ಗುರುತಿಸುವುದು ಹೇಗೆ?

ಕಂಪನ ಯಾವಾಗ ಬರುತ್ತದೆ ಎಂಬುದೇ ಮೊದಲ ಸುಳಿವು. ಕಾರು 80 ಕಿ.ಮೀ. ವೇಗದಲ್ಲಿ ಓಡುವಾಗ ಮಾತ್ರ ಸ್ಟೇರಿಂಗ್ ಅದುರಿದರೆ ಚಕ್ರಗಳ ಬ್ಯಾಲೆನ್ಸಿಂಗ್ ನೋಡಬೇಕು. ಬ್ರೇಕ್ ಒತ್ತಿದಾಗ ಮಾತ್ರ ಅದುರಿದರೆ ಬ್ರೇಕ್ ಡಿಸ್ಕ್ ಪರೀಕ್ಷಿಸಬೇಕು. ಕಂಪನದ ಲಯ ತಪ್ಪುತ್ತಿದ್ದು, ವೇಗ ಹೆಚ್ಚಿಸಲು ಎಂಜಿನ್ ತಡವರಿಸುತ್ತಿದ್ದು, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಉರಿಯುತ್ತಿದ್ದರೆ ದೋಷ ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್ ಅಥವಾ ಇಂಜೆಕ್ಟರ್‌ನಲ್ಲಿರಬಹುದು. ಇಂಥ ಕಾರಿಗೆ ಹೊಸ ಮೌಂಟಿಂಗ್ ಹಾಕಿದರೂ ನಡುಕ ನಿಲ್ಲದು.

ಮೌಂಟಿಂಗ್ ಸವೆದ ಕಾರಿನ ಲಕ್ಷಣಗಳು ಬೇರೆ. ನಿಂತಾಗ ನಡುಕ ಹೆಚ್ಚು, ಎ.ಸಿ. ಹಾಕಿದರೆ ಇನ್ನೂ ಹೆಚ್ಚು. ಆಕ್ಸಿಲರೇಟರ್ ತುಸು ಒತ್ತಿದೊಡನೆ ಕಡಿಮೆ. ಎಂಜಿನ್ ಚಾಲೂ ಆಗುವಾಗ ಮತ್ತು ಆರುವಾಗ ‘ದಡ್’ ಎಂಬ ಸದ್ದು. ಗೇರ್ ಹಾಕಿ ಹೊರಡುವಾಗ ಮುಂಭಾಗದಲ್ಲಿ ಏನೋ ಹೊರಳಿ ಬಡಿದ ಅನುಭವ.

ಅನುಮಾನ ಬಂದರೆ ಬಾನೆಟ್ ತೆರೆದು, ಟಾರ್ಚ್ ಬೆಳಕಿನಲ್ಲಿ ಪ್ರತಿಯೊಂದು ಮೌಂಟಿಂಗ್ ನೋಡಬೇಕು. ರಬ್ಬರ್ ಲೋಹದಿಂದ ಬಿಟ್ಟುಕೊಂಡಿದೆಯೇ, ಬಿರುಕು ಆಳವಾಗಿದೆಯೇ, ಒಂದು ಬದಿಗೆ ಕುಸಿದಿದೆಯೇ, ದ್ರವ ಸೋರಿದ ಕಪ್ಪು ಕಲೆ ಇದೆಯೇ ಎಂಬುದು ಕಣ್ಣಿಗೇ ಕಾಣುತ್ತದೆ. ಬಳಿಕ ಇಬ್ಬರು ಸೇರಿ ಒಂದು ಪರೀಕ್ಷೆ ಮಾಡಬಹುದು. ಒಬ್ಬರು ಚಾಲಕನ ಸ್ಥಾನದಲ್ಲಿ ಕುಳಿತು ಹ್ಯಾಂಡ್ ಬ್ರೇಕ್ ಎಳೆದು, ಕಾಲಿನ ಬ್ರೇಕನ್ನೂ ಬಲವಾಗಿ ಒತ್ತಿಹಿಡಿದು, ಮೊದಲ ಗೇರಿನಲ್ಲಿ ಕ್ಲಚ್ಚನ್ನು ಅತ್ಯಲ್ಪ ಬಿಡಬೇಕು. ನಂತರ ರಿವರ್ಸ್‌ನಲ್ಲಿಯೂ ಹಾಗೆಯೇ. ಇನ್ನೊಬ್ಬರು ಬದಿಯಲ್ಲಿ ನಿಂತು ಎಂಜಿನ್ ಎಷ್ಟು ಹೊರಳುತ್ತದೆ ಎಂದು ಗಮನಿಸಬೇಕು. ಸ್ವಲ್ಪ ವಾಲುವುದು ಸಹಜ. ಜಿಗಿದು ಎದ್ದು ಸದ್ದಿನೊಂದಿಗೆ ಹಿಂದಕ್ಕೆ ಬಿದ್ದರೆ ರಬ್ಬರ್ ಹರಿದಿದೆ ಎಂದೇ ಅರ್ಥ. ಈ ಪರೀಕ್ಷೆ ನಡೆಯುವಾಗ ಕಾರಿನ ಮುಂದಾಗಲಿ ಹಿಂದಾಗಲಿ ಯಾರೂ ನಿಲ್ಲಕೂಡದು.

ಬದಲಿಸುವ ಕ್ರಮ

ಬಿಚ್ಚುವ ಮುನ್ನ ಬಿಡಿಭಾಗ ಕೈಯಲ್ಲಿರಬೇಕು. ಕಂಪ್ಲಿ, ಸಂಡೂರಿನ ಅಂಗಡಿಗಳಲ್ಲಿ ಎಲ್ಲ ಕಾರುಗಳ ಮೌಂಟಿಂಗ್ ಸಿಗದೆ ಹೊಸಪೇಟೆಗೋ ಬಳ್ಳಾರಿಗೋ ಹೋಗಬೇಕಾಗಬಹುದು. ಒಂದೇ ಹೆಸರಿನ ಕಾರಿಗೂ ವರ್ಷ ಮತ್ತು ಎಂಜಿನ್ ಬದಲಾದಂತೆ ಮೌಂಟಿಂಗ್ ಬದಲಾಗುತ್ತದೆ. ಆದ್ದರಿಂದ ಚಾಸಿಸ್ ಸಂಖ್ಯೆ ತೋರಿಸಿ ಖರೀದಿಸುವುದು ಕ್ಷೇಮ. ಪೊಟ್ಟಣ ಬಿಚ್ಚಿ ಹಳೆಯದರ ಪಕ್ಕ ಹಿಡಿದು, ಬೋಲ್ಟಿನ ರಂಧ್ರಗಳು ಹೊಂದುತ್ತವೆಯೇ ಎಂದು ನೋಡಿಯೇ ಕೆಲಸ ಆರಂಭಿಸಬೇಕು. ಎಣ್ಣೆ ಸೋರಿಕೆ ಇದ್ದಲ್ಲಿ ಮೊದಲು ಅದನ್ನು ನಿಲ್ಲಿಸಬೇಕು. ಇಲ್ಲವಾದರೆ ಹೊಸ ರಬ್ಬರಿಗೂ ಹಳೆಯದರ ಗತಿಯೇ.

ಎಂಜಿನ್ ಪೂರ್ತಿ ತಣಿದಿರಬೇಕು. ನೆಲ ಸಮತಟ್ಟಾಗಿ, ಗಟ್ಟಿಯಾಗಿರಬೇಕು. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಕಟ್ಟೆ ಇಟ್ಟು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಬೇಕು. ಮೇಲಿನಿಂದಲೇ ಕೈಗೆಟಕುವ ಮೌಂಟಿಂಗ್ ಆದರೆ ಕಾರನ್ನು ಎತ್ತುವ ಅಗತ್ಯವಿಲ್ಲ. ನಾಲ್ಕು ಚಕ್ರಗಳ ಮೇಲೆ ನಿಂತ ಕಾರೇ ಅತ್ಯಂತ ಸುರಕ್ಷಿತ.

ಮುಂದಿನದು ಎಂಜಿನ್‌ಗೆ ಆಸರೆ ಕೊಡುವ ಹಂತ. ಗಾಲಿಯುಳ್ಳ ಹೈಡ್ರಾಲಿಕ್ ಜಾಕ್ ಮೇಲೆ ಅಗಲವಾದ ಮರದ ಹಲಗೆ ಇಟ್ಟು, ಎಂಜಿನ್ನಿನ ಆಯಿಲ್ ಚೇಂಬರ್ ಕೆಳಗೆ ತಂದು ನಿಧಾನವಾಗಿ ಏರಿಸಬೇಕು. ಗೇರ್ ಬಾಕ್ಸ್ ಬದಿಯ ಮೌಂಟಿಂಗ್ ಆದರೆ ಆಸರೆ ಗೇರ್ ಬಾಕ್ಸ್ ಕೆಳಗಿರಬೇಕು. ಹಲಗೆಯಿಲ್ಲದೆ ಏರಿಸಿದರೆ ಚೇಂಬರ್ ಜಜ್ಜಿಹೋದೀತು. ಎಂಜಿನ್ನನ್ನು ಎತ್ತುವುದು ಇಲ್ಲಿನ ಉದ್ದೇಶವಲ್ಲ. ಮೌಂಟಿಂಗ್ ಮೇಲಿನ ಭಾರ ಜಾಕಿಗೆ ವರ್ಗವಾದರೆ ಸಾಕು.

ಒಂದು ಬಾರಿಗೆ ಒಂದೇ ಮೌಂಟಿಂಗ್ ಬಿಚ್ಚಬೇಕು ಎಂಬುದು ಮೀರಬಾರದ ನಿಯಮ. ಉಳಿದವು ಎಂಜಿನ್ನನ್ನು ಸ್ವಸ್ಥಾನದಲ್ಲಿ ಹಿಡಿದಿರುತ್ತವೆ. ತುಕ್ಕು ಹಿಡಿದ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಸ್ವಲ್ಪ ಹೊತ್ತು ಕಾಯಬೇಕು. ಯಾವ ಬೋಲ್ಟ್ ಎಲ್ಲಿತ್ತು, ಅರ್ಥ್ ತಂತಿ ಎಲ್ಲಿ ಬಿಗಿದಿತ್ತು ಎಂಬುದನ್ನು ಮೊಬೈಲ್‌ನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ಜೋಡಿಸುವಾಗ ಗೊಂದಲವಿರದು. ಹೊಸದನ್ನು ಕೂರಿಸುವಾಗ ರಂಧ್ರಗಳು ಕೂಡದಿದ್ದರೆ ಜಾಕನ್ನು ಕೂದಲೆಳೆಯಷ್ಟು ಏರಿಸಿ ಇಳಿಸಿ ಹೊಂದಿಸಬೇಕು. ರಂಧ್ರ ಕೂಡಿತೇ ಎಂದು ಬೆರಳು ತೂರಿಸಿ ನೋಡುವುದು ಬೆರಳನ್ನೇ ಕಳೆದುಕೊಳ್ಳುವ ದಾರಿ. ಸ್ಕ್ರೂ ಡ್ರೈವರ್ ಬಳಸಬೇಕು.

ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಿಂದಲೇ ಹಲವು ಸುತ್ತು ತಿರುಗಿಸಬೇಕು. ಅಲ್ಯೂಮಿನಿಯಂ ಭಾಗದಲ್ಲಿ ಓರೆಯಾಗಿ ಬಿಗಿದ ಬೋಲ್ಟ್ ಮರೆಯನ್ನೇ ಹಾಳುಗೆಡವುತ್ತದೆ. ಬಳಿಕ ಜಾಕ್ ಇಳಿಸಿ, ಎಂಜಿನ್ ತನ್ನ ಸಹಜ ಭಾರದಲ್ಲಿ ಕುಳಿತ ಮೇಲೆ, ಆ ಮಾದರಿಯ ಸರ್ವಿಸ್ ಕೈಪಿಡಿ ಹೇಳುವಷ್ಟೇ ಬಲದಲ್ಲಿ ಟಾರ್ಕ್ ರೆಂಚ್‌ನಿಂದ ಬಿಗಿಯಬೇಕು. ತಿರುಚಿದ ಸ್ಥಿತಿಯಲ್ಲಿ ಬಿಗಿದ ರಬ್ಬರ್ ಹೊಸದಾಗಿದ್ದರೂ ಕಂಪನ ತಡೆಯದು, ಬಾಳಿಕೆಯೂ ಬಾರದು.

ಜಾಕ್ ನಂಬಿ ಕೆಳಗೆ ಇಳಿಯಬೇಡಿ

ಕೆಳಭಾಗದ ಮೌಂಟಿಂಗ್ ಬದಲಿಸಲು ಕಾರಿನಡಿಗೆ ಹೋಗುವುದು ಅನಿವಾರ್ಯವಾಗಬಹುದು. ಆಗ ಕಾರನ್ನು ಹೊರಬೇಕಾದುದು ಜಾಕ್ ಅಲ್ಲ, ಆಕ್ಸಲ್ ಸ್ಟ್ಯಾಂಡ್. ಹೈಡ್ರಾಲಿಕ್ ಜಾಕಿನ ಸೀಲ್ ಸೋತರೆ ಕ್ಷಣಾರ್ಧದಲ್ಲಿ ಕಾರು ಕೆಳಗಿಳಿಯುತ್ತದೆ. ಕಾರಿನೊಂದಿಗೆ ಬರುವ ಜಾಕ್ ಸ್ಟೆಪ್ನಿ ಬದಲಿಸಲು ಮಾತ್ರ. ಸ್ಟ್ಯಾಂಡ್ ಇಲ್ಲವೆಂದು ಮನೆಯ ಮುಂದೆ ಬಿದ್ದ ಇಟ್ಟಿಗೆ, ಸಿಮೆಂಟ್ ಇಟ್ಟಿಗೆ, ಕಲ್ಲಿನ ತುಂಡುಗಳನ್ನು ಪೇರಿಸುವ ಅಭ್ಯಾಸ ಹಲವೆಡೆ ಇದೆ. ಇವು ಮುನ್ಸೂಚನೆಯಿಲ್ಲದೆ ಒಡೆಯುತ್ತವೆ, ಜಾರುತ್ತವೆ. ಉಳಿಸಿದ ಕೂಲಿಯ ಹಣ ಆ ಒಂದು ಕ್ಷಣಕ್ಕೆ ಸಮವಲ್ಲ. ಒಬ್ಬರೇ ಇರುವಾಗ ಈ ಕೆಲಸಕ್ಕೆ ಕೈಹಾಕದಿರುವುದೂ ಅಷ್ಟೇ ಮುಖ್ಯ.

ಎಲ್ಲ ಮೌಂಟಿಂಗ್‌ಗಳೂ ಮನೆಯ ಕೆಲಸಕ್ಕೆ ಒಗ್ಗುವುದಿಲ್ಲ. ಟೈಮಿಂಗ್ ಬೆಲ್ಟ್ ಅಥವಾ ಚೈನಿನ ಕವರ್ ಬಿಚ್ಚಬೇಕಾದಲ್ಲಿ, ಸಬ್‌ಫ್ರೇಮ್ ಇಳಿಸಬೇಕಾದಲ್ಲಿ, ಬೋಲ್ಟ್ ಒಳಗೇ ಮುರಿದಲ್ಲಿ ಕೆಲಸವನ್ನು ಗ್ಯಾರೇಜಿಗೆ ಒಪ್ಪಿಸುವುದೇ ವಿವೇಕ. ಆಗಲೂ ಯಾವ ಮೌಂಟಿಂಗ್ ಹರಿದಿದೆ ಎಂದು ಬೆರಳಿಟ್ಟು ತೋರಿಸಬಲ್ಲ ಮಾಲೀಕ ಅನಗತ್ಯ ದುರಸ್ತಿಯಿಂದ ಪಾರಾಗುತ್ತಾನೆ.

ಮುಂದೂಡಿದರೆ ನಷ್ಟ

ನಡುಕವಷ್ಟೇ ತಾನೆ, ಸಹಿಸಿಕೊಂಡರಾಯಿತು ಎನ್ನುವವರು ಒಂದು ಸಂಗತಿ ಗಮನಿಸಬೇಕು. ಹಿಡಿತ ತಪ್ಪಿದ ಎಂಜಿನ್ ಹೊರಳಿದಾಗಲೆಲ್ಲ ಸೈಲೆನ್ಸರ್ ಕೊಳವೆ, ರೇಡಿಯೇಟರ್ ಪೈಪು, ಡ್ರೈವ್ ಶಾಫ್ಟಿನ ಜೋಡಣೆ, ವಿದ್ಯುತ್ ತಂತಿಗಳು ಎಳೆತಕ್ಕೆ ಸಿಲುಕುತ್ತವೆ. ರೇಡಿಯೇಟರ್ ಪೈಪು ಕಿತ್ತು ನೀರು ಸೋರಿದರೆ ಬಿಸಿಯೇರಿದ ಎಂಜಿನ್ ನಿಜಕ್ಕೂ ಕೆಡುತ್ತದೆ. ಎಂಜಿನ್ ಕೆಲಸ ಬಂತೆಂಬ ಆರಂಭದ ಭಯ ಆಗ ಸುಳ್ಳಾಗಿ ಉಳಿಯುವುದಿಲ್ಲ. ದಿನದ ಬಾಡಿಗೆಯನ್ನೇ ನೆಚ್ಚಿದ ಚಾಲಕನಿಗೆ ಅದು ವಾರಗಟ್ಟಲೆ ದುಡಿಮೆಯ ನಷ್ಟ.

ಹೊಸ ಮೌಂಟಿಂಗ್ ಹಾಕಿದ ಬಳಿಕ ಬ್ಯಾಟರಿ ಜೋಡಿಸಿ, ಜಾಕ್ ಮತ್ತು ಸಲಕರಣೆಗಳನ್ನು ಬದಿಗೆ ಸರಿಸಿ ಎಂಜಿನ್ ಚಾಲೂ ಮಾಡಬೇಕು. ಕೆಲವು ದಿನ ಓಡಿಸಿ ಬೋಲ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ಮೂರು ಸಿಲಿಂಡರ್‌ನ ಕಾರು ನಾಲ್ಕರದರಷ್ಟು ನಿಶ್ಶಬ್ದವಾಗುವುದೆಂದು ನಿರೀಕ್ಷಿಸುವಂತಿಲ್ಲ. ಎ.ಸಿ. ಹಾಕಿ ನಿಂತಾಗ ಕನ್ನಡಿಯೊಳಗಿನ ಬಿಂಬ ಅದುರದೆ ನಿಂತಿತೆಂದರೆ ಕೆಲಸ ಸರಿಯಾಗಿದೆ ಎಂದು ತಿಳಿಯಬಹುದು.