ಉಸಿರು ಕಟ್ಟಿದ ಎಂಜಿನು

ಕಾರ್ಕಳದಲ್ಲಿ ಕನ್ನಡ ಪಾಠ ಹೇಳುವ ಮಾಸ್ಟ್ರಿಗೂ ಮಲ್ಪೆಯ ಬೋಟಿನ ಎಂಜಿನಿಗೂ ಏನು ನಂಟು ಎಂದು ಓದುಗರು ಕೇಳಬಹುದು. ಈ ನಂಟನ್ನು ಬೆಸೆದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಕಡಲಿನವರ ಬಾಯಲ್ಲಿ ಉಳಿದಿರುವ ಗಾಳಿಯ ಹೆಸರು, ನೀರಿನ ಹೆಸರು, ಬಲೆಯ ಹೆಸರುಗಳನ್ನು ಬರೆದಿಟ್ಟುಕೊಳ್ಳುವ ಹವ್ಯಾಸ ನನ್ನದು. ಅದನ್ನರಿತ ಅವನು, “ದಡದಲ್ಲಿ ಕುಳಿತು ಕೇಳಿದರೆ ಅರ್ಧ ಮಾತೂ ಸಿಗಲಿಕ್ಕಿಲ್ಲ ಸರ್. ಒಂದು ದಿನ ನಮ್ಮ ಬೋಟಿಗೇ ಬನ್ನಿ” ಎಂದು ಕರೆದ. ಆಗಸ್ಟ್ ತಿಂಗಳ ಒಂದು ನಸುಕಿನಲ್ಲಿ ಹೊರಟೆ. ೧೪೩೨ರಿಂದ ಅಲುಗದೆ ನಿಂತಿರುವ ಗೊಮ್ಮಟನ ಊರಿನವನಿಗೆ ಅಲುಗುವ ಹಲಗೆಯ ಮೇಲೆ ನಿಲ್ಲುವುದೇ ಒಂದು ಸಾಹಸವಾಗಿತ್ತು.

ಬೋಟು ಅವನ ಚಿಕ್ಕಪ್ಪನದು, ತಾಂಡೇಲರೂ ಅವರೇ. ಬೆಳಿಗ್ಗೆ ಹೋಗಿ ಸಂಜೆಗೆ ಮರಳುವ ಸಣ್ಣ ಟ್ರಾಲ್ ಬೋಟು ಅದು. ಅದರ ಒಡಲಿನಲ್ಲಿ ಕುಳಿತಿದ್ದ ಆರು ಸಿಲಿಂಡರಿನ ಡೀಸೆಲ್ ಎಂಜಿನಿನ ವಯಸ್ಸು ನನ್ನ ವಯಸ್ಸಿಗಿಂತ ಕಡಿಮೆಯಾಗಿರಲಾರದು. ಮೊದಲು ಯಾವುದೋ ಲಾರಿಯಲ್ಲಿ ಘಟ್ಟ ಹತ್ತಿಳಿದು, ಬಳಿಕ ಕಡಲಿಗೆ ಹೊಂದುವಂತೆ ಮಾರ್ಪಾಡುಗೊಂಡು ಬಂದುದಂತೆ. ಎಂಜಿನು ನೋಡಿಕೊಳ್ಳುವ ಹುಡುಗ, ಬಲೆ ಎಳೆಯುವ ಇಬ್ಬರು, ನನ್ನ ವಿದ್ಯಾರ್ಥಿ, ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುವ ಅವನ ತಮ್ಮ, ಇವರೊಡನೆ ನಿರುಪಯೋಗಿಯಾದ ನಾನು. ಉದ್ಯಾವರ ಹೊಳೆಯ ಅಳಿವೆಯನ್ನು ದಾಟುವಾಗ ಚಿಕ್ಕಪ್ಪ ಕಡಲಿಗೆ ಕೈಮುಗಿದು, ಮರುಗಳಿಗೆಯಲ್ಲೇ ಎಂಜಿನಿನ ಸದ್ದಿಗೆ ಕಿವಿಗೊಟ್ಟರು. ಅವರ ಮುಖದಲ್ಲಿ ನೆಮ್ಮದಿಯಿರಲಿಲ್ಲ.

ಕಾರಣವಿಲ್ಲದೆ ಇರಲಿಲ್ಲ. ಕರಾವಳಿಯಲ್ಲಿ ಪ್ರತಿವರ್ಷ ಜೂನ್ ೧ರಿಂದ ಜುಲೈ ೩೧ರ ವರೆಗೆ, ಒಟ್ಟು ೬೧ ದಿನ, ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಆ ಬಿಡುವು ಮುಗಿದು ಮೊದಲ ದಿನ ಹೊರಟಾಗಲೇ ಎಂಜಿನು ನಡುದಾರಿಯಲ್ಲಿ ನಿಂತಿತ್ತು. ಹೇಗೋ ದಡ ಸೇರಿ ತೋರಿಸಿದರೆ, ವರ್ಕ್‌ಶಾಪೊಂದರವರು ಫಿಲ್ಟರ್ ಬದಲಾಯಿಸಿ, “ಇನ್ನೊಮ್ಮೆ ನಿಂತರೆ ಪಂಪು ಹೋಯಿತೆಂದೇ ತಿಳಿಯಿರಿ, ಹೊಸದನ್ನೇ ಹಾಕಬೇಕು” ಎಂದಿದ್ದರು. ಹೊಸ ಪಂಪಿನ ಬೆಲೆ ಕೇಳಿದ ಚಿಕ್ಕಪ್ಪ ಮನೆಗೆ ಹೋಗಿ ಹೆಂಡತಿಯ ಬಳೆಗಳ ಮಾತೆತ್ತಿದ್ದರಂತೆ. ಆ ಬಳಿಕ ಹೊಳೆಯಲ್ಲೇ ಎರಡು ಗಂಟೆ ಓಡಿಸಿ ನೋಡಿದಾಗ ಎಂಜಿನು ಒಮ್ಮೆಯೂ ತಡವರಿಸಲಿಲ್ಲ. ಆ ಧೈರ್ಯದ ಮೇಲೆ ಅಂದು ಟಾಂಕಿಯನ್ನು ಕಂಠದ ತನಕ ತುಂಬಿಸಿ ಹೊರಟಿದ್ದರು.

ಕಾಪುವಿನ ಎದುರಿನಲ್ಲಿ

ತೆಂಕಣಕ್ಕೆ ತಿರುಗಿ ಅರ್ಧ ಗಂಟೆ ಕಳೆದಿರಬೇಕು. ಎಂಜಿನಿನ ಸದ್ದು ಏದುಸಿರು ಬಿಡುವವನ ದನಿಯಂತೆ ಏರಿ ಇಳಿಯಿತು, ಎರಡು ಸಲ ಕೆಮ್ಮಿತು, ನಿಂತಿತು. ಒಮ್ಮೆಲೇ ಆವರಿಸಿದ ಆ ಮೌನದಲ್ಲಿ ಅಲೆಗಳು ಹಲಗೆಗೆ ಬಡಿಯುವ ಸದ್ದು ಮೊದಲ ಬಾರಿಗೆ ನನ್ನ ಕಿವಿಗೆ ಬಿತ್ತು.

ಹುಡುಗ ಕೆಳಗಿಳಿದು, ಟಾಂಕಿಯಿಂದ ಬರುವ ಕೊಳವೆಯ ಮೊದಲ ಫಿಲ್ಟರಿನ ಗಾಜಿನ ಬಟ್ಟಲನ್ನು ಬಿಚ್ಚಿ, ಒರಸಿ, ಮತ್ತೆ ಕೂರಿಸಿದ. ಕೈಪಂಪು ಒತ್ತಿ ಕೊಳವೆಯೊಳಗಿನ ಗಾಳಿಯನ್ನು ಹೊರಹಾಕಿದ. ಎಂಜಿನು ಹೊತ್ತಿಕೊಂಡಿತು. ಎಲ್ಲರೂ ನಿಟ್ಟುಸಿರು ಬಿಟ್ಟೆವು. ಇಪ್ಪತ್ತು ನಿಮಿಷವಾಗುವಷ್ಟರಲ್ಲಿ ಮತ್ತೆ ಅದೇ ಏದುಸಿರು, ಅದೇ ಮೌನ. ಮತ್ತೆ ಬಿಚ್ಚುವುದು, ಒರಸುವುದು, ಹೊತ್ತಿಸುವುದು. ಮೂರನೆಯ ಬಾರಿ ನಿಂತಾಗ ಪಡುವಣ ಗಾಳಿ ಬಲವಾಗಿತ್ತು. ೧೯೦೧ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭ ತನ್ನ ಬಂಡೆಯ ಮೇಲೆ ನಿಂತು ನಮ್ಮನ್ನೇ ನೋಡುತ್ತಿತ್ತು. ದಡದಿಂದ ನೋಡುವವರಿಗೆ ಆ ಬಂಡೆಗಳು ಚಿತ್ರದಂತೆ ಸೊಗಸು. ಎಂಜಿನಿಲ್ಲದ ಬೋಟಿನಲ್ಲಿ ಅವುಗಳ ಕಡೆಗೆ ತೇಲುವವನಿಗೆ ಆ ಸೊಗಸು ಕಾಣುವುದಿಲ್ಲ. ಲಂಗರು ಬಿಟ್ಟರು, ಅದು ತಳದ ಕೆಸರಿನಲ್ಲಿ ಜಾರಿ ಜಾರಿ ಹಿಡಿಯಿತು.

“ಪಂಪೇ ಹೋಯಿತು” ಎಂದರು ಚಿಕ್ಕಪ್ಪ. ಮತ್ತೇನನ್ನೂ ಅವರು ಆಡಲಿಲ್ಲ.

ಡೀಸೆಲಿನ ದಾರಿ

ಆ ಪಂಪಿನ ಕೆಲಸವೇನೆಂಬುದನ್ನು ಮಣಿಪಾಲದ ಹುಡುಗ ನನಗೆ ವಿವರಿಸಿದ. ಅವನಿಗೂ ಮನಸ್ಸನ್ನು ಬೇರೆಡೆಗೆ ತಿರುಗಿಸಬೇಕಾಗಿತ್ತೋ ಏನೋ. ಪೆಟ್ರೋಲ್ ಎಂಜಿನಿನಂತೆ ಇದರಲ್ಲಿ ಕಿಡಿ ಹೊತ್ತಿಸುವ ಸಾಧನವಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಸುಮಾರು ಹದಿನಾರರಲ್ಲಿ ಒಂದು ಪಾಲಿಗೆ ಒತ್ತಿದಾಗ ಅದು ೫೦೦ ಡಿಗ್ರಿ ಸೆಂಟಿಗ್ರೇಡನ್ನೂ ಮೀರಿ ಕಾಯುತ್ತದೆ. ಆ ಕ್ಷಣಕ್ಕೆ ಸರಿಯಾಗಿ ನೋಝಲಿನ ಸೂಕ್ಷ್ಮ ರಂಧ್ರಗಳಿಂದ ಡೀಸೆಲು ಮಂಜಿನಂತೆ ಸಿಡಿಯಬೇಕು. ಅದಕ್ಕೆ ಬೇಕಾದ ಒತ್ತಡ, ಇಂಥ ಹಳೆಯ ಎಂಜಿನಿನಲ್ಲೂ, ಹೊರಗಿನ ಗಾಳಿಯ ಒತ್ತಡದ ಸುಮಾರು ಇನ್ನೂರು ಪಟ್ಟು. ಆ ದಾರಿಯಲ್ಲಿ ಗಾಳಿಯ ಗುಳ್ಳೆ ಸೇರಿಕೊಂಡರೆ ಪಂಪಿನ ಬಲವೆಲ್ಲ ಗುಳ್ಳೆಯನ್ನು ಹಿಸುಕುವುದರಲ್ಲೇ ಕಳೆದುಹೋಗುತ್ತದೆ. ನೋಝಲು ತೆರೆಯುವುದೇ ಇಲ್ಲ.

ಈ ಯಂತ್ರವನ್ನು ೧೮೯೭ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಓಡಿಸಿ ತೋರಿಸಿದವನು ರುಡಾಲ್ಫ್ ಡೀಸೆಲ್. ೧೯೧೩ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ರಾತ್ರೋರಾತ್ರಿ ಕಾಣೆಯಾಗಿ, ಆತ ಕಡಲಿನಲ್ಲೇ ಕೊನೆಗೊಂಡ. ಆತನ ಎಂಜಿನು ಸಣ್ಣದಾಗಿ ಲಾರಿಗೂ ದೋಣಿಗೂ ಒಗ್ಗಿದ್ದು ೧೯೨೭ರಲ್ಲಿ ಬಾಷ್ ಕಂಪೆನಿ ಇಂಧನದ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆ. ೧೯೫೨ರ ಒಪ್ಪಂದದಂತೆ ನಾರ್ವೆಯ ನೆರವಿನಿಂದ ಈಗಿನ ಕೇರಳದ ನೀಂಡಕರದಲ್ಲಿ ಎಂಜಿನ್ ದೋಣಿಗಳ ಪ್ರಯೋಗ ನಡೆಯಿತು. ನಮ್ಮ ಕಡಲಿನಲ್ಲಿಯೂ ಬೋಟುಗಳು ಹೆಚ್ಚುತ್ತ ಹೋದವು. ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆ ೧೯೭೦ರ ದಶಕದ ನಡುವಿನಿಂದ ಹಿಂದೆ ಸರಿಯಿತು. ಮೊಗವೀರರ ಮಕ್ಕಳು ಅಲೆಯನ್ನು ಓದುವುದರ ಜೊತೆಗೆ ಎಂಜಿನಿನ ಸದ್ದನ್ನೂ ಓದಲು ಕಲಿಯಬೇಕಾಯಿತು.

ಒಂದು ಪ್ರಶ್ನೆ

ಹಾಗೆ ಕಲಿತವರಲ್ಲಿ ಒಬ್ಬರು ಮಲ್ಪೆಯಲ್ಲಿದ್ದರು. ಕಣ್ಣು ಮಂಜಾದ ಮೇಲೆ ಕೆಲಸ ಬಿಟ್ಟಿದ್ದ ಹಿರಿಯ ಮೆಕ್ಯಾನಿಕ್. ನನ್ನ ವಿದ್ಯಾರ್ಥಿಗೆ ದೂರದ ಸಂಬಂಧದಲ್ಲಿ ಮಾವ. ದಡ ಕಾಣುವಷ್ಟು ಹತ್ತಿರವಿದ್ದುದರಿಂದ ಮೊಬೈಲಿಗೆ ಸಿಗ್ನಲ್ ಸಿಕ್ಕಿತು. ಹುಡುಗರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ ಅವರು ಪಂಪಿನ ವಿಚಾರವನ್ನು ಎತ್ತಲೇ ಇಲ್ಲ. “ಗಾಜಿನ ಬಟ್ಟಲನ್ನು ಬಿಚ್ಚುವಾಗ ಡೀಸೆಲು ಹೊರಗೆ ಸುರಿಯಿತೋ, ಅಥವಾ ಗಾಳಿ ಒಳಗೆ ಹೋಯಿತೋ?” ಎಂದು ಕೇಳಿದರು.

ಹುಡುಗ ಯೋಚಿಸಿದ. “ಗುಳುಗುಳು ಎಂದು ಗಾಳಿ ಒಳಗೆ ಹೋಯಿತು ಮಾವ. ಮೂರು ಸಲವೂ.”

“ಹೊಳೆಯಲ್ಲಿ ಓಡಿಸಿ ನೋಡಿದ ದಿನ ಟಾಂಕಿಯಲ್ಲಿ ಎಷ್ಟಿತ್ತು?”

“ಕಾಲು ಪಾಲು.”

“ಇವತ್ತು?”

“ಭರ್ತಿ.”

“ಹಾಗಾದರೆ ಫಿಲ್ಟರು ಬಿಡು. ಟಾಂಕಿಯ ಮುಚ್ಚಳವನ್ನು ಮೆಲ್ಲಗೆ ತಿರುಗಿಸು. ಕಿವಿ ಹತ್ತಿರ ಇಡು.”

ಮುಚ್ಚಳ ಅರ್ಧ ಸುತ್ತು ತಿರುಗಿತೋ ಇಲ್ಲವೋ, ಬಹುಕಾಲ ಉಸಿರು ಬಿಗಿಹಿಡಿದವನು ಒಮ್ಮೆಲೇ ಎಳೆದುಕೊಂಡಂತೆ ಟಾಂಕಿ ‘ಹುಸ್ಸ್’ ಎಂದು ಗಾಳಿಯನ್ನು ಒಳಕ್ಕೆ ಸೆಳೆಯಿತು. ನನಗೂ ಕೇಳಿಸಿತು. ಫೋನಿನಲ್ಲಿ ಅವರಿಗೂ ಕೇಳಿಸಿರಬೇಕು. “ಮುಚ್ಚಳ ಸಡಿಲವಾಗಿಯೇ ಇರಲಿ. ಉಪ್ಪುನೀರು ಹಾರದ ಹಾಗೆ ಮೇಲೊಂದು ಬಟ್ಟೆ ಸುತ್ತಿ ಮನೆಗೆ ಬನ್ನಿ” ಎಂದರು. ಎಂಜಿನು ಹೊತ್ತಿಕೊಂಡಿತು. ಮಲ್ಪೆ ಮುಟ್ಟುವ ತನಕ ಒಮ್ಮೆಯೂ ನಿಲ್ಲಲಿಲ್ಲ.

ಎರಡು ತೂತಿನ ನ್ಯಾಯ

ಗೃಹಿಣಿಯರಿಗೆ ಈ ಒಗಟು ಹೊಸದಲ್ಲ. ಎಣ್ಣೆಯ ಡಬ್ಬಿಗೆ ಒಂದೇ ತೂತು ಮಾಡಿದರೆ ಎಣ್ಣೆ ಗುಳುಕ್ ಗುಳುಕ್ ಎಂದು ತಡೆದು ತಡೆದು ಬೀಳುತ್ತದೆ. ಇನ್ನೊಂದು ಮೂಲೆಯಲ್ಲಿ ಮತ್ತೊಂದು ತೂತು ಮಾಡಿದರೆ ಧಾರೆಯಾಗಿ ಸುರಿಯುತ್ತದೆ. ಹೊರಗೆ ಹೋದ ಎಣ್ಣೆಯ ಜಾಗಕ್ಕೆ ಗಾಳಿ ಬರಲೇಬೇಕು. ಬೋಟಿನ ಟಾಂಕಿಗೂ ಅಂಥದೊಂದು ಉಸಿರುಕೊಳವೆಯುಂಟು. ಅದು ಮುಚ್ಚಿಕೊಂಡರೆ, ಎಂಜಿನು ಡೀಸೆಲನ್ನು ಕುಡಿದಂತೆಲ್ಲ ಒಳಗೆ ಒತ್ತಡ ಕುಗ್ಗುತ್ತದೆ. ಕೊನೆಗೆ ಫೀಡ್ ಪಂಪು ಎಳೆದರೂ ಡೀಸೆಲು ಬಾರದು.

ಟಾಂಕಿಯಲ್ಲಿ ಕಾಲು ಪಾಲು ಮಾತ್ರ ಡೀಸೆಲಿದ್ದಾಗ ಮೇಲೆ ಧಾರಾಳ ಗಾಳಿಯಿತ್ತು. ಅದು ಕೊಂಚ ಹಿಗ್ಗಿಕೊಂಡೇ ಸುಧಾರಿಸಿತು, ಎಂಜಿನು ಓಡಿತು. ಕಂಠದ ತನಕ ತುಂಬಿದಾಗ ಹಿಗ್ಗಲು ಗಾಳಿಯೇ ಇರಲಿಲ್ಲ. ಅರ್ಧ ಗಂಟೆಯಲ್ಲೇ ಉಸಿರು ಕಟ್ಟಿತು. ಇನ್ನೂ ಸೋಜಿಗವೆಂದರೆ, ಬಟ್ಟಲನ್ನು ಬಿಚ್ಚಿದಾಗಲೆಲ್ಲ ಆ ದಾರಿಯಿಂದಲೇ ಟಾಂಕಿ ಒಂದು ಗುಟುಕು ಗಾಳಿ ಕುಡಿಯುತ್ತಿತ್ತು. ತಪ್ಪು ಚಿಕಿತ್ಸೆಯೇ ಅರೆಗಳಿಗೆಯ ಗುಣ ತೋರಿಸಿ, ರೋಗ ಫಿಲ್ಟರಿನಲ್ಲಿಯೇ ಇದೆಯೆಂಬ ಭ್ರಮೆಯನ್ನು ಗಟ್ಟಿಮಾಡಿತ್ತು.

ದಡ ಸೇರಿದ ಮೇಲೆ ಉಸಿರುಕೊಳವೆಯನ್ನು ಕಳಚಿ ತಂತಿ ತೂರಿಸಿದರು. ಒಣಗಿದ ಕೆಮ್ಮಣ್ಣು ಉದುರಿತು. ಅದರೊಡನೆ ಎರಡು ಸತ್ತ ಹಸಿರು ಹುಳುಗಳು. ಮಡಲಿನ ಮಾಡಿನ ಕೆಳಗೆ ಬೋಟು ವಿಶ್ರಮಿಸುತ್ತಿದ್ದಾಗ ಕುಂಬಾರ ಹುಳುವೊಂದು ಅಲ್ಲಿ ತನ್ನ ಮರಿಗೆ ಮನೆ ಕಟ್ಟಿ, ಆಹಾರ ತುಂಬಿ, ಬಾಗಿಲಿಗೆ ಮಣ್ಣು ಮೆತ್ತಿ ಹೋಗಿತ್ತು. ಕೀಟವನ್ನು ತಂದು ಗೂಡಿನಲ್ಲಿಟ್ಟು ತನ್ನಂತೆಯೇ ಮಾಡುವ ಭ್ರಮರದ ದೃಷ್ಟಾಂತವನ್ನು ಎಷ್ಟೋ ವರ್ಷ ತರಗತಿಯಲ್ಲಿ ವಿವರಿಸಿದ್ದೆ. ಆ ಗೂಡು ಏಳು ಜನರನ್ನು ಬಂಡೆಯ ಬಳಿಗೆ ತಳ್ಳಬಹುದೆಂದು ಎಣಿಸಿರಲಿಲ್ಲ.

ಮಾವನ ಪಾಠ

ಸಂಜೆ ಅವರ ಜಗಲಿಯಲ್ಲಿ ಕುಳಿತೆವು. ಅವರು ಹೇಳಿದ್ದು ಹೊಸ ಶಬ್ದಗಳಿಗೆಂದು ಇಟ್ಟುಕೊಂಡ ನನ್ನ ಪುಸ್ತಕದಲ್ಲಿ ಹೀಗೆ ದಾಖಲಾಗಿದೆ.

“ಮಾಸ್ಟ್ರೇ, ಹಳೆಯ ಎಂಜಿನು ನಿಂತರೆ ಎಲ್ಲರೂ ಪಂಪಿಗೆ ಕೈ ಹಾಕುತ್ತಾರೆ. ನಾವು ಟಾಂಕಿಯಿಂದ ಹೊರಡಬೇಕು. ಡೀಸೆಲು ಬರುವ ದಾರಿಯಲ್ಲೇ ನಡೆಯಬೇಕು. ಉಸಿರುಕೊಳವೆ, ನಲ್ಲಿ, ಕೊಳವೆ, ಫಿಲ್ಟರು, ಫೀಡ್ ಪಂಪು. ದೊಡ್ಡ ಪಂಪು, ನೋಝಲು ಕೊನೆಗೆ. ಸಂಶಯವಿದ್ದರೆ ಬೇರೊಂದು ಕ್ಯಾನಿನಿಂದ ಡೀಸೆಲು ಕೊಟ್ಟು ನೋಡಿ. ಓಡಿದರೆ ದೋಷ ಟಾಂಕಿಯ ಕಡೆ. ಓಡದಿದ್ದರೆ ಎಂಜಿನಿನ ಕಡೆ. ಅರ್ಧ ದಾರಿ ಒಮ್ಮೆಗೇ ಉಳಿಯಿತು.”

ಫೀಡ್ ಪಂಪಿಗೆ ಮುಂಚಿನ ಕೊಳವೆ ಸೀಳಿದರೆ ಹನಿ ಸೋರುವುದೂ ಕಾಣದಿರಬಹುದು. ಅಲ್ಲಿ ಡೀಸೆಲು ಹೊರಬರುವ ಬದಲು ಗಾಳಿ ಒಳನುಗ್ಗುತ್ತದೆ. ಸ್ಟಾರ್ಟ್ ಮಾಡುವಾಗ ಹೊಗೆಯೇ ಬರದಿದ್ದರೆ ಸಿಲಿಂಡರಿಗೆ ಡೀಸೆಲು ತಲುಪಿಲ್ಲವೆಂದೇ ಮೊದಲು ಸಂಶಯಪಡಬೇಕು. ಅರ್ಧ ಖಾಲಿ ಟಾಂಕಿಯನ್ನು ಮಳೆಗಾಲವಿಡೀ ಬಿಟ್ಟರೆ ಒಳಗಿನ ತೇವ ನೀರಾಗಿ ತಳಕ್ಕಿಳಿದು, ನೀರೂ ಡೀಸೆಲೂ ಕೂಡುವೆಡೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗುತ್ತದೆ. ಆದುದರಿಂದ ತುಂಬಿಸಿಯೇ ಇಡಬೇಕು. ಹೊರಡುವ ಮುನ್ನ ತಳದ ನೀರನ್ನು ಬಸಿಯಬೇಕು. ನೋಝಲಿನ ಧಾರೆಗೆ ಎಂದೂ ಕೈಯೊಡ್ಡಬಾರದು. ಅದು ಚರ್ಮವನ್ನು ತೂರಿ ಒಳಹೊಕ್ಕು ಬೆರಳನ್ನೇ ಕಳೆಯಬಲ್ಲದು.

ಮರುದಿನ ಉಸಿರುಕೊಳವೆಯ ಬಾಯಿಗೆ ಹಿತ್ತಾಳೆಯ ಸಣ್ಣ ಜಾಲರಿಯನ್ನು ಕಟ್ಟಿದರು. ಖರ್ಚು ಒಂದು ಊಟದ ಹಣಕ್ಕೂ ಕಡಿಮೆ. ಪಂಪು ತನ್ನ ಜಾಗದಲ್ಲೇ ಉಳಿಯಿತು. ಸ್ವಲ್ಪ ದಿನಗಳ ಬಳಿಕ ಉಡುಪಿಯ ರಥಬೀದಿಯಲ್ಲಿ ಚಿಕ್ಕಪ್ಪನ ಮನೆಯವರೆಲ್ಲ ಎದುರಾದರು. ಚಿಕ್ಕಮ್ಮ ಕೈಮುಗಿದು ಯೋಗಕ್ಷೇಮ ವಿಚಾರಿಸಿದರು. ಆಗ ಅವರ ಕೈಯಲ್ಲಿ ಬಳೆಗಳು ಸದ್ದು ಮಾಡಿದವು.