ಉಪ್ಪುನೀರಿನ ಮೀನುತೊಟ್ಟಿ: ಹಳೆಯ ಸಾಮಗ್ರಿ ಕೊಳ್ಳುವ ಮುನ್ನ

ಹೊನ್ನಾವರ ತಾಲ್ಲೂಕಿನ ಕಾಸರಕೋಡದಂತಹ ಕಡಲತೀರದ ಊರಿನಲ್ಲಿ ಅಲಂಕಾರಿಕ ಕಡಲಮೀನು ಸಾಕಲು ಬೇಕಾದ ನೀರು ಹತ್ತಿರದಲ್ಲೇ ಇದೆ. ಬಳಸಿದ ಗಾಜಿನ ತೊಟ್ಟಿ, ಪಂಪು, ದೀಪ ಕೊಂಡರೆ ಖರ್ಚೂ ಇಳಿಯುತ್ತದೆ. ಆದರೆ ಈ ಕೆಳಗಿನ ಅಂಶಗಳನ್ನು ಗಮನಿಸದಿದ್ದರೆ ಮೀನೂ ಹೋಗುತ್ತದೆ, ಹಣವೂ ಹೋಗುತ್ತದೆ.

ತೊಟ್ಟಿಯ ಪರೀಕ್ಷೆ: 90 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ ಮತ್ತು ಅಷ್ಟೇ ಎತ್ತರದ ತೊಟ್ಟಿ 144 ಲೀಟರ್ ಹಿಡಿಯುತ್ತದೆ. ಕಡಲನೀರಿನ ತೂಕವೇ ಸುಮಾರು 147 ಕಿ.ಗ್ರಾಂ. ಗಟ್ಟಿ ಪೀಠದ ಮೇಲಿಟ್ಟು, ಸಿಹಿನೀರು ತುಂಬಿ, ಎರಡು ದಿನ ಸೋರಿಕೆ ನೋಡಬೇಕು. ಸೋಪು ಬಳಸಬಾರದು.

ತಾಮ್ರದ ಅಪಾಯ: ಹಿಂದಿನವರು ಮೀನಿನ ರೋಗಕ್ಕೆ ತಾಮ್ರದ ಔಷಧಿ ಹಾಕಿದ್ದರೇ ಎಂದು ಕೇಳಬೇಕು. ಹಾಕಿದ್ದರೆ ಅದರ ಮರಳು, ಕಲ್ಲು ಬೇಡ. ಅವುಗಳಲ್ಲಿ ಉಳಿದ ತಾಮ್ರ ಸಿಗಡಿ, ಏಡಿಗಳಿಗೆ ವಿಷ. ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತವೂ ತಾಮ್ರವೇ. ಆ ಡ್ರಮ್ಮಿನಲ್ಲಿ ನೀರು ತರಬಾರದು.

ನೀರು: ಮಳೆಗಾಲದಲ್ಲಿ ಶರಾವತಿ ಅಳಿವೆಯ ನೀರು ಸಪ್ಪೆಯಾಗುತ್ತದೆ. ಬೇಸಿಗೆಯಲ್ಲಿ, ಉಬ್ಬರದ ಹೊತ್ತಿಗೆ, ಅಳಿವೆಯಿಂದ ದೂರದಲ್ಲಿ ಕಡಲನೀರು ತಂದು ಸೋಸಬೇಕು. ಲೀಟರಿಗೆ ಸುಮಾರು 35 ಗ್ರಾಂ ಲವಣವಿರಬೇಕು. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಆದ್ದರಿಂದ ಇಂಗಿದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕು.

ಮೀನು ಬಿಡುವ ಕಾಲ: ಮಣ್ಣಿನಲ್ಲಿ ಗೊಬ್ಬರದ ಅಮೋನಿಯಾವನ್ನು ನೈಟ್ರೇಟ್ ಮಾಡುವಂತಹ ಅಣುಜೀವಿಗಳೇ ತೊಟ್ಟಿಯಲ್ಲೂ ಕೆಲಸ ಮಾಡಬೇಕು. ಪಂಪು ಓಡಿಸುತ್ತ, ಚಿಟಿಕೆ ಆಹಾರ ಹಾಕುತ್ತ 4ರಿಂದ 6 ವಾರ ಕಾಯಬೇಕು. ನಂತರ ಮರಿಕೇಂದ್ರದಲ್ಲಿ ಬೆಳೆಸಿದ ಒಂದೆರಡು ಕ್ಲೌನ್ ಮೀನುಗಳಿಂದ ಆರಂಭಿಸುವುದು ಉತ್ತಮ. ಹವಳ, ಕಡಲಕುದುರೆಗಳನ್ನು ಕಡಲಿನಿಂದ ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.